ನಾನು ಬಚ್ಚಿಟ್ಟ ಹಾಥಿ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ. ಕಲ್ಕತ್ತೆಯಲ್ಲಿ ವೆಲ್ಡರ್ ಆಗಿದ್ದ ಕಾಲದಲ್ಲಿ ಒಬ್ಬ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ನನಗೆ ಯಾವ ಕೇಡನ್ನೂ ಬಗೆದವನಲ್ಲ. ಆದಿತ್ಯವಾರ ನಮ್ಮ ಮನೆಗೆ ಬಂದು ಊಟ ಮಾಡಿ, ನನ್ನ ಹೆಂಡತಿಯ ಸಾರನ್ನು ಬಾಯ್ತುಂಬ ಹೊಗಳಿ, ತಾನುಂಡ ತಟ್ಟೆಯನ್ನು ತಾನೇ ತೊಳೆದಿಟ್ಟು ಹೋಗುತ್ತಿದ್ದ. ಅಷ್ಟು ಒಳ್ಳೆಯವನಾಗಿರು ಎಂದು ಅವನಿಗೆ ಯಾರು ಹೇಳಿದ್ದರೋ!

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೂಗ್ಲಿ ನದಿಯ ದಂಡೆಯಲ್ಲಿ ಲಾಂಚುಗಳನ್ನು, ಸರಕಿನ ದೋಣಿಗಳನ್ನು ರಿಪೇರಿ ಮಾಡುವ ಸರಕಾರಿ ಯಾರ್ಡೊಂದರಲ್ಲಿ ನಾವಿಬ್ಬರೂ ವೆಲ್ಡರ್‌ಗಳು. ನಾನು ಉಡುಪಿ ಕಡೆಯವನು. ನಮ್ಮ ಕಡೆಯವರು ಕಲ್ಕತ್ತೆಯಲ್ಲಿ ಇದ್ದರೆ ಬ್ಯಾಂಕಿನಲ್ಲೇ ಇರಬೇಕು ಎನ್ನುವಂತಿತ್ತು ಆಗ. ಬಾಲಿಗಂಜ್‌ನಲ್ಲಿದ್ದ ನನ್ನ ಭಾವನೂ ಬ್ಯಾಂಕಿನವನೇ. ಅವನು ಸಂಜೆ ಐದೂವರೆಗೆ ಮನೆಗೆ ಬಂದಾಗಲೂ ಅಂಗಿಯ ಇಸ್ತ್ರಿ ಮುರಿದಿರುತ್ತಿರಲಿಲ್ಲ. ನನ್ನ ಅಂಗಿಯ ತೋಳಿನಲ್ಲಿ ಕಿಡಿ ಬಿದ್ದು ಆದ ತೂತುಗಳು. ಹೊಟ್ಟೆ ಉರಿದುಕೊಳ್ಳುವುದರಲ್ಲಿ ನನಗೆ ಮೊದಲೇ ಒಳ್ಳೆಯ ಅಭ್ಯಾಸವಿತ್ತು ಅನ್ನಿ.

ನಾನು ಹೊಟ್ಟೆ ಉರಿದುಕೊಳ್ಳುತ್ತಿದ್ದ ಆ ಇನ್ನೊಬ್ಬ ವೆಲ್ಡರ್ ಧಾರವಾಡ ಕಡೆಯವನು. ನನಗಿಂತ ಏಳು ವರ್ಷ ದೊಡ್ಡವನು. ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಊರಲ್ಲೇ ಬಿಟ್ಟು ಬಂದು, ಟಾಲಿಗಂಜ್‌ನಲ್ಲಿ ನಮ್ಮ ಮನೆಗೆ ಎರಡು ಗಲ್ಲಿ ಆಚೆ ಒಂದು ಕೋಣೆ ಹಿಡಿದಿದ್ದ. ಇಡೀ ಯಾರ್ಡಿನಲ್ಲಿ ಕನ್ನಡದವರು ನಾವಿಬ್ಬರೇ. ಬೆಳಿಗ್ಗೆ ಒಂದೇ ಟ್ರಾಮಿನಲ್ಲಿ ಹೋಗಬೇಕು, ಸಂಜೆ ಒಂದೇ ಟ್ರಾಮಿನಲ್ಲಿ ಬರಬೇಕು. ಬಂಗಾಳಿಗಳು ನಮ್ಮಿಬ್ಬರನ್ನೂ ಸೇರಿಸಿ ಮಾದ್ರಾಜಿಗಳು ಎನ್ನುತ್ತಿದ್ದರು. ಆ ಸಿಟ್ಟು ಬೇರೆ.

ಕೈಕೆಲಸದಲ್ಲಿ ನಾನು ಅವನಿಗಿಂತ ಮೇಲು. ಇದು ಜಂಬದ ಮಾತಲ್ಲ, ಅವನೇ ಒಪ್ಪುತ್ತಿದ್ದ. ನನ್ನ ವೆಲ್ಡಿಂಗಿನ ಗೆರೆ ನೇರ, ಒಂದೇ ಸಮ, ಬೇಗ. ಅವನದು ನಿಧಾನ. ಯಾಕೆ ನಿಧಾನ ಎಂದರೆ ಕೆಲಸ ಶುರು ಮಾಡುವ ಮೊದಲೇ ಅವನಿಗೆ ಅರ್ಧ ಗಂಟೆಯ ಸಂಭ್ರಮ ಇರುತ್ತಿತ್ತು. ತಗಡಿಗೆ ಬಣ್ಣ ಇದ್ದರೆ ಕೆರೆಯಬೇಕು. ಸತುವಿನ ಲೇಪ ಇರುವ ಗ್ಯಾಲ್ವನೈಸ್ ತಗಡಾದರೆ ವೆಲ್ಡ್ ಬೀಳುವ ಜಾಗದಲ್ಲಿ ಆ ಲೇಪವನ್ನೂ ಉಜ್ಜಿ ತೆಗೆಯಬೇಕು. ಗಾಳಿ ಎತ್ತ ಕಡೆಯಿಂದ ಬರುತ್ತದೆ ನೋಡಿ, ಹೊಗೆ ಮುಖಕ್ಕೆ ಬಾರದಂತೆ ಪಕ್ಕಕ್ಕೆ ನಿಲ್ಲಬೇಕು. ತೊಟ್ಟಿಯೊಳಗಿನ ಕೆಲಸ ಅಂದರೆ ಮುಗಿಯಿತು. ಅದು ಖಾಲಿಯಾಗಿದೆ, ತೊಳೆದಿದೆ, ಒಳಗೆ ಉರಿಯುವ ಗ್ಯಾಸಿಲ್ಲ ಎಂದು ಬರೆದ ಚೀಟಿ ಕೈಗೆ ಬರಬೇಕು. ಆಮೇಲೆ ಮೇಲಿನ ಬಾಯಿಯ ಹತ್ತಿರ ಕೂತು ಒಂದು ಊದುಬತ್ತಿ ಹಚ್ಚುತ್ತಿದ್ದ.

ಪೂಜೆಗಲ್ಲ. ಊದುಬತ್ತಿಯ ಹೊಗೆ ಒಳಗೆ ಎಳೆದುಕೊಂಡು ಹೋದರೆ ಗಾಳಿ ಓಡಾಡುತ್ತಿದೆ ಅಂತ ಲೆಕ್ಕ. ನೆಟ್ಟಗೆ ನಿಂತರೆ ಒಳಗೆ ಗಾಳಿ ಸತ್ತಿದೆ ಅಂತ. ಶೆಡ್ಡಿನವರೆಲ್ಲ ಅವನಿಗೆ ‘ಪುರುತ್ ಮಶಾಯ್’ ಎಂದು ಹೆಸರಿಟ್ಟಿದ್ದರು, ಪುರೋಹಿತರು ಅಂತ. ಆ ಹೆಸರು ಮೊದಲು ಇಟ್ಟವನು ನಾನೇ. ಅವನು ನಕ್ಕು ಸುಮ್ಮನಾಗುತ್ತಿದ್ದ. ಒಂದು ಸಲವಾದರೂ ಸಿಟ್ಟಾಗಬಾರದೇ ಮಾರಾಯ!

ನಮಗೆಲ್ಲ ಇದ್ದ ಔಷಧ ಬೆಲ್ಲ. ಹೊಗೆಯ ಕೆಲಸ ಇದ್ದ ದಿನ ಬಾಯಿಗೆ ಒಂದು ತುಂಡು ಬೆಲ್ಲ ಹಾಕಿಕೊಳ್ಳಬೇಕು, ಸಂಜೆ ಒಂದು ಲೋಟ ಹಾಲು ಕುಡಿಯಬೇಕು, ಒಳಗೆ ಹೋದ ಹೊಗೆಯೆಲ್ಲ ಇಳಿದುಹೋಗುತ್ತದೆ ಎಂದು ಯಾರ್ಡಿನ ಹಳಬರು ನಂಬಿದ್ದರು, ನಾನೂ ನಂಬಿದ್ದೆ. ಚಳಿಗಾಲದಲ್ಲಿ ಖರ್ಜೂರದ ಬೆಲ್ಲ ಬರುತ್ತಿತ್ತು. ಅದರ ರುಚಿಯೇ ರುಚಿ, ಹೊಗೆಯ ನೆಪದಲ್ಲಿ ನಾನು ಎರಡು ತುಂಡು ತಿನ್ನುತ್ತಿದ್ದೆ. ಧಾರವಾಡದವನು ಮಾತ್ರ ನೋಡಿ ತಲೆಯಾಡಿಸುತ್ತಿದ್ದ.

“ಬೆಲ್ಲ ಹೋಗೂದು ಹೊಟ್ಟಿಗಿ, ಹೊಗಿ ಹೋಗೂದು ಎದಿಗಿ. ಎರಡೂ ಭೆಟ್ಟಿ ಆಗೂದ ಇಲ್ರಿ,” ಎಂದ ಒಮ್ಮೆ.

ಸೋಮವಾರ ಸಂಜೆ ನನಗೆ ಆಗಾಗ ಚಳಿಜ್ವರ ಬರುತ್ತಿತ್ತು. ಬಾಯಲ್ಲಿ ತಾಮ್ರದ ಚೊಂಬನ್ನು ನೆಕ್ಕಿದಂಥ ರುಚಿ, ಮೈಕೈ ನೋವು, ಗಡಗಡ ನಡುಕ. ಬೆಳಿಗ್ಗೆ ಎದ್ದರೆ ಏನೂ ಇಲ್ಲ. ಮಲೇರಿಯಾ ಎಂದು ಮಾತ್ರೆ ನುಂಗುತ್ತಿದ್ದೆ. ಅದನ್ನೂ ಅವನೇ ಬಿಡಿಸಿ ಹೇಳಿದ್ದು, ಅದೂ ನನ್ನ ಮನೆಯಲ್ಲಿ, ನನ್ನ ಹೆಂಡತಿಯ ಎದುರು.

“ಇದು ಸೊಳ್ಳಿ ಜ್ವರ ಅಲ್ರಿ. ಸತುವಿನ ಹೊಗಿ ಕುಡದ್ರ ಬರೂ ಜ್ವರ. ದಿನಾ ಕುಡಿಯೂ ಮಂದಿಗೆ ಮೈ ಒಗ್ಗಿರ್ತೈತಿ. ಆಯ್ತವಾರ ಒಂದಿನ ಬಿಟ್ರ ಒಗ್ಗಿದ್ದು ಹೋಗಿಬಿಡ್ತೈತಿ, ಸೋಮವಾರ ಮತ್ತ ಹಿಡೀತೈತಿ. ಲೇಪ ಉಜ್ಜಿ ತಗದು, ಗಾಳಿಗೆ ನಿಂತು ಕೆಲಸ ಮಾಡ್ರಿ, ಬರಾಂಗಿಲ್ಲ.”

ಅವನು ಹೋದ ಮೇಲೆ ನನ್ನ ಹೆಂಡತಿ ಶುರು ಮಾಡಿದಳು. “ಕೇಳಿದ್ರಾ? ಅವರಿಗೆ ಒಂದು ದಿನ ಜ್ವರ ಇಲ್ಲ, ಕೆಮ್ಮು ಇಲ್ಲ. ಅವರ ಕರ್ಚೀಫು ನೋಡಿದ್ದೀರಾ ನೀವು? ಮೂಗು ಒರೆಸಿದ್ರೂ ಬೆಳ್ಳಗೆ ಉಂಟು. ನಿಮ್ಮದು ಮೂರು ಸಲ ಒಗೆದ್ರೂ ಕರಿ ಹೋಗುದಿಲ್ಲ.”

“ಅವನ ಕರ್ಚೀಫನ್ನು ನೀನು ಯಾಕೆ ನೋಡಲಿಕ್ಕೆ ಹೋದೆ?”

“ಕಣ್ಣು ಉಂಟಲ್ಲ, ಕಾಣ್ತದೆ. ಬೊಂಬಾಯಿಯಲ್ಲಿ ಅವರ ಎದುರೇ ಇಬ್ಬರು ಹಡಗಿನ ತೊಟ್ಟಿಯೊಳಗೆ ಸತ್ತರಂತೆ. ಒಬ್ಬ ಬಿದ್ದನಂತೆ, ಅವನನ್ನು ತೆಗೀಲಿಕ್ಕೆ ಇನ್ನೊಬ್ಬ ಇಳಿದನಂತೆ, ಇಬ್ಬರೂ ಬರ್ಲಿಲ್ಲವಂತೆ. ಅದಕ್ಕೇ ಇಷ್ಟು ಜಾಗ್ರತೆ. ನಿಮಗೆ ಹೇಳ್ಲಿಲ್ವಾ?”

ನನಗೆ ಹೇಳಿರಲಿಲ್ಲ. ಪ್ರತಿದಿನ ಒಂದೇ ಟ್ರಾಮಿನಲ್ಲಿ ಪಕ್ಕಕ್ಕೆ ಕೂತು ಬರುವವನಿಗೆ ಹೇಳದೆ ನನ್ನ ಹೆಂಡತಿಗೆ ಹೇಳಿದ್ದ. ನಾನು ಕೇಳಿದ್ದರೆ ತಾನೇ ಹೇಳುವುದು ಎಂಬ ಬುದ್ಧಿ ನನಗೆ ಆಗ ಹೊಳೆಯಲಿಲ್ಲ. ಆ ವಾರವೆಲ್ಲ ಟ್ರಾಮಿನಲ್ಲಿ ಅವನ ಹತ್ತಿರ ಮಾತಾಡಲಿಲ್ಲ.

ಇನ್ನು ಹಾಥಿಯ ವಿಷಯ. ನಮ್ಮ ಶೆಡ್ಡಿಗೆ ಇದ್ದದ್ದು ಒಂದೇ ಒಂದು ದೊಡ್ಡ ಬ್ಲೋವರ್ ಫ್ಯಾನು. ಸಣ್ಣ ಚಕ್ರಗಳ ಮೇಲೆ ಕೂತ ಕಬ್ಬಿಣದ ಡೋಲು, ಅದಕ್ಕೆ ಇಪ್ಪತ್ತು ಅಡಿ ಉದ್ದದ ಕ್ಯಾನ್ವಾಸಿನ ಕೊಳವೆ. ಕೊಳವೆಯ ತುದಿಯನ್ನು ತೊಟ್ಟಿಯೊಳಗೆ ಇಳಿಸಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಹೊಗೆಯನ್ನು ಹೊರಗೆ ತಳ್ಳುತ್ತಿತ್ತು. ಸೊಂಡಿಲು ಇದ್ದದ್ದಕ್ಕೆ ಎಲ್ಲರೂ ಅದನ್ನು ಹಾಥಿ, ಅಂದರೆ ಆನೆ, ಎನ್ನುತ್ತಿದ್ದರು. ಸಾಮಾನು ಬೇಕಾದವರು ಸ್ಟೋರಿನ ಮೊಳೆಗೆ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ನೇತುಹಾಕಿ ತೆಗೆದುಕೊಂಡು ಹೋಗಬೇಕು. ಹಾಥಿಯ ಮೊಳೆಯಲ್ಲಿ ಯಾವಾಗ ನೋಡಿದರೂ ಧಾರವಾಡದವನ ಬಿಲ್ಲೆ. ನಾವು ಕೇಳಿದರೆ ಕೊಡುತ್ತಿದ್ದ. ಆದರೆ ಅವನ ಹತ್ತಿರ ಹೋಗಿ ಕೇಳುವುದು ಯಾರಿಗೆ ಬೇಕು? ಅದಿಲ್ಲದೆಯೇ ನಾನು ಕೆಲಸ ಮುಗಿಸಿ ತೋರಿಸುತ್ತಿದ್ದೆ.

ಅಷ್ಟರಲ್ಲಿ ಶೆಡ್ಡಿಗೆ ಒಬ್ಬ ಚಾರ್ಜ್‌ಮ್ಯಾನ್ ಬೇಕಾಯಿತು. ಹನ್ನೆರಡು ವೆಲ್ಡರ್‌ಗಳ ಮೇಲಿನ ಹುದ್ದೆ ಅದು, ಜೊತೆಗೆ ಯಾರ್ಡಿನ ಕ್ವಾರ್ಟರ್ಸು. ನನ್ನ ಹೆಂಡತಿಗೆ ಆಗ ಐದು ತಿಂಗಳು. ಟಾಲಿಗಂಜ್‌ನಲ್ಲಿ ನಮ್ಮದು ಒಂದೇ ಕೋಣೆ, ನೀರಿಗೆ ಕೆಳಗಿಳಿದು ಆರು ಮನೆಯವರ ಜೊತೆ ಸಾಲಿನಲ್ಲಿ ನಿಲ್ಲಬೇಕು. ಮಗು ಹುಟ್ಟುವುದರೊಳಗೆ ಆ ಕ್ವಾರ್ಟರ್ಸಿಗೆ ಹೋಗಬೇಕೆಂದು ನಾನು ಹಟ ಹಿಡಿದಿದ್ದೆ. ಆ ಹುದ್ದೆಗೆ ಹೆಸರು ಹೋಗಿದ್ದು ನಮ್ಮಿಬ್ಬರದೇ.

ನಮ್ಮ ಫೋರ್‌ಮನ್ ಬಂಗಾಳಿ, ಹಿಂದಿಯಲ್ಲಿ ಮಾತಾಡುತ್ತಿದ್ದ. ನನ್ನನ್ನು ಕರೆದು ಸಮಾಧಾನ ಮಾಡುವವನ ಹಾಗೆ ಹೇಳಿದ: “ನಿನ್ನ ಕೈ ಚೆನ್ನಾಗಿದೆ. ಅವನ ತಲೆ ಚೆನ್ನಾಗಿದೆ. ಚಾರ್ಜ್‌ಮ್ಯಾನ್‌ಗೆ ಬೇಕಾದದ್ದು ತಲೆ. ಇನ್ನೊಂದು ವಾರ ನೋಡುತ್ತೇನೆ.”

ಆ ಒಂದು ವಾರದಲ್ಲಿ ನಾನು ಮಾಡಿದ್ದನ್ನು ಹೇಳಲು ಇವತ್ತಿಗೂ ನಾಲಿಗೆ ತಡವರಿಸುತ್ತದೆ.

ಮಂಗಳವಾರ ಬೆಳಿಗ್ಗೆ ಮೊದಲ ಟ್ರಾಮ್ ಹಿಡಿದು ಒಬ್ಬನೇ ಹೋದೆ. ಸ್ಟೋರಿನ ಬಾಗಿಲು ತೆರೆದಿತ್ತು, ಸ್ಟೋರ್‌ಕೀಪರ್ ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದ. ಹಾಥಿಯನ್ನು ತಳ್ಳಿಕೊಂಡು ಹೋಗಿ ಯಾರ್ಡಿನ ಕೊನೆಯಲ್ಲಿ ಮಗುಚಿ ಹಾಕಿದ್ದ ಒಂದು ಹಳೇ ದೋಣಿಯ ಅಡಿಗೆ ನೂಕಿ, ಮೇಲೆ ಹರಿದ ಟಾರ್ಪಾಲು ಎಳೆದೆ. ನನ್ನ ಲೆಕ್ಕ ಇಷ್ಟೇ: ಅವನು ಅರ್ಧ ದಿನ ಫ್ಯಾನು ಹುಡುಕಲಿ, ಕೆಲಸ ತಡವಾಗಲಿ, ಫೋರ್‌ಮನ್‌ಗೆ ಅವನ ತಲೆಯ ಬೆಲೆ ತಿಳಿಯಲಿ. ಯಾರಿಗೂ ಏನೂ ಆಗುವ ವಿಚಾರ ನನ್ನ ಮನಸ್ಸಿನಲ್ಲಿ ಇರಲಿಲ್ಲ.

ಒಂದು ಲಾಂಚು ಮರುದಿನವೇ ನೀರಿಗೆ ಇಳಿಯಬೇಕಿತ್ತು. ಅದರ ಕುಡಿಯುವ ನೀರಿನ ತೊಟ್ಟಿಯೊಳಗೆ ಪೈಪು ಹಿಡಿಯುವ ನಾಲ್ಕು ಬ್ರಾಕೆಟ್ಟುಗಳನ್ನು ಹೊಸದಾಗಿ ವೆಲ್ಡ್ ಮಾಡಬೇಕು. ತೊಟ್ಟಿ ಪೂರ್ತಿ ಗ್ಯಾಲ್ವನೈಸ್ ತಗಡು, ಒಳಗೆ ಹೋಗಲು ಮೇಲೆ ಒಬ್ಬ ಮನುಷ್ಯ ತೂರುವಷ್ಟು ಒಂದೇ ಬಾಯಿ. ಫೋರ್‌ಮನ್ ಧಾರವಾಡದವನಿಗೆ ಹೇಳಿದ. ಅವನು ಬಿಲ್ಲೆ ತೆಗೆದುಕೊಂಡು ಸ್ಟೋರಿಗೆ ಹೋದ, ಬರಿಗೈಯಲ್ಲಿ ಬಂದ. ಪೇಂಟ್ ಶೆಡ್ಡಿನವರು ಒಯ್ದಿರಬಹುದು ಎಂದು ಅಲ್ಲಿಗೆ ಹೋದ, ಅಲ್ಲಿಯೂ ಇಲ್ಲ. ಕೊನೆಗೆ ತೊಟ್ಟಿಯ ಬಾಯಿಯ ಹತ್ತಿರ ಊದುಬತ್ತಿ ಹಚ್ಚಿ ಹಿಡಿದ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು.

“ಒಳಗೆ ಗಾಳಿಯಿಲ್ಲ ಸಾಹೇಬರೇ. ಫ್ಯಾನು ಸಿಗುವವರೆಗೆ ನಾನು ಇಳಿಯುವುದಿಲ್ಲ. ಯಾರನ್ನೂ ಇಳಿಸಬೇಡಿ,” ಎಂದ ಹಿಂದಿಯಲ್ಲಿ.

ಫೋರ್‌ಮನ್ ಕೂಗಾಡಿದ. ಲಾಂಚು ನಾಳೆ ಹೋಗಬೇಕು, ನಿನ್ನ ಪೂಜೆಗೆ ಇದು ಕಾಳಿಘಾಟ್ ದೇವಸ್ಥಾನ ಅಲ್ಲ, ಹೆದರಿಕೆ ಇದ್ದರೆ ಸೀರೆ ಉಟ್ಟುಕೊಂಡು ಬಾ ಎಂದೆಲ್ಲ ಹತ್ತು ಜನರ ಮುಂದೆ ಹೇಳಿದ. ಧಾರವಾಡದವನು ಕೈಕಟ್ಟಿ ನಿಂತೇ ಇದ್ದ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಆಗ ಫೋರ್‌ಮನ್ ಸುತ್ತ ನೋಡಿ, “ಇಲ್ಲಿ ಗಂಡಸರು ಯಾರಾದರೂ ಇದ್ದೀರಾ?” ಎಂದು ಕೇಳಿದ.

ನನ್ನ ಬಾಯಿಗೆ ಆಗ ಬೀಗ ಬೀಳಬಾರದಿತ್ತೇ! “ನಾನು ಹೋಗುತ್ತೇನೆ,” ಎಂದುಬಿಟ್ಟೆ.

ಧಾರವಾಡದವನು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. “ತಡೀರಿ. ಅದೇನು ಸೂಜಿ ಅಲ್ಲ ಕಳದು ಹೋಗಾಕ, ಮಧ್ಯಾಹ್ನದೊಳಗ ಸಿಗತೈತಿ, ಎಲ್ಲಾರೂ ಕೂಡಿ ಹುಡುಕೂಣು. ಮನ್ಯಾಗ ಬಸುರಿ ಹೆಣಮಗಳು ಅದಾರ, ಹುಚ್ಚುತನ ಮಾಡಬ್ಯಾಡ್ರಿ.”

ಹುಡುಕುವುದೇ ಬೇಡವಾಗಿತ್ತು. ಎರಡು ನಿಮಿಷದಲ್ಲಿ ನಾನು ಹಾಥಿಯನ್ನು ತಂದು ನಿಲ್ಲಿಸಬಹುದಿತ್ತು. ಆದರೆ ಮಗುಚಿದ ದೋಣಿಯ ಅಡಿಯಲ್ಲಿ ಫ್ಯಾನು ಇದೆ ಎಂದು ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ? ನಾನೇ ತೋಡಿದ ಗುಂಡಿಗೆ ನಾನೇ ಇಳಿಯಬೇಕಾಗಿ ಬಂದಿತ್ತು. ಅವನ ಕೈ ಕೊಡವಿ, ಬಾಯಿಗೆ ಬೆಲ್ಲ ಹಾಕಿಕೊಂಡು, ತೊಟ್ಟಿಯೊಳಗೆ ಇಳಿದೆ.

ಮೊದಲ ಬ್ರಾಕೆಟ್ಟು ಸರಾಗವಾಗಿ ಆಯಿತು. ಲೇಪ ಉಜ್ಜಲು ನಾನು ಹೋಗಲಿಲ್ಲ. ಬೆಳ್ಳಗಿನ ಹೊಗೆ ದಟ್ಟವಾಗಿ ಏಳುತ್ತಿತ್ತು, ಹತ್ತಿಯ ಎಳೆಯಂಥದ್ದು ಮುಖವಾಡದ ಗಾಜಿನ ಮುಂದೆ ತೇಲುತ್ತಿತ್ತು. ಎರಡನೆಯದು ಮುಗಿಯುವಾಗ ಬಾಯಲ್ಲಿ ಬೆಲ್ಲದ ಸಿಹಿ ಹೋಗಿ ಲೋಹದ ರುಚಿ ಬಂತು, ಎದೆ ಬಿಗಿಯಿತು, ತಲೆಯೊಳಗೆ ಯಾರೋ ಸುತ್ತಿಗೆ ಹಿಡಿದ ಹಾಗೆ. ಮೇಲೆ ಬಂದು ಉಸಿರು ತೆಗೆದುಕೊಂಡರೆ ಎಲ್ಲರೂ ನಗುತ್ತಾರೆ, ಅವನೂ ನೋಡುತ್ತಾನೆ. ಅವನು ನೋಡುವುದೇ ಬೇಡ ಎಂದು ನಾನು ಒಳಗೇ ಉಳಿದೆ.

ಹಳೆಯ ಬ್ರಾಕೆಟ್ಟುಗಳನ್ನು ಕತ್ತರಿಸಲು ಹಿಂದಿನ ದಿನ ಇಳಿಬಿಟ್ಟಿದ್ದ ಗ್ಯಾಸ್ ಕಟರ್ ಅಲ್ಲೇ ಬಿದ್ದಿತ್ತು. ಅದಕ್ಕೆ ಎರಡು ಪೈಪು, ಒಂದರಲ್ಲಿ ಗ್ಯಾಸು, ಇನ್ನೊಂದರಲ್ಲಿ ಆಕ್ಸಿಜನ್. ಉಸಿರು ಕಟ್ಟಿದಾಗ ಆಕ್ಸಿಜನ್ನಿನ ತಿರುಪು ತೆರೆದು ಮುಖಕ್ಕೆ ಹಿಡಿದುಕೊಳ್ಳುವುದು ನಮ್ಮ ಯಾರ್ಡಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಆಸ್ಪತ್ರೆಯಲ್ಲಿ ರೋಗಿಗೆ ಕೊಡುವುದೂ ಅದನ್ನೇ ತಾನೇ? ತೆರೆದೆ. ಸುಯ್ ಎಂದು ತಣ್ಣಗೆ ಬಂತು. ಆಹಾ, ಸ್ವರ್ಗ. ಹಾಗೇ ತೆರೆದಿಟ್ಟು, ಮೂರನೆಯ ಬ್ರಾಕೆಟ್ಟಿಗೆ ವೆಲ್ಡಿಂಗ್ ಕಡ್ಡಿ ಸಿಕ್ಕಿಸಿ, ತಗಡಿಗೆ ಮುಟ್ಟಿಸಿದೆ.

ಕಿಡಿ ಬರಲಿಲ್ಲ. ಕರೆಂಟು ಹೋಗಿತ್ತು. ಆಕ್ಸಿಜನ್ನಿನ ಸದ್ದೂ ನಿಂತಿತು. ಮೇಲಿನ ಬಾಯಿಯಲ್ಲಿ ಅವನ ಮುಖ.

“ಲೇ! ಕಡ್ಡಿ ಕೆಳಗ ಒಗಿ! ಆಕ್ಸಿಜನ್ ಬಿಟ್ಟಿಯೇನೋ ಹುಚ್ಚಪ್ಪ! ಒಗಿಯೋ ಮದಲ!”

ಕೈ ಕೆಳಗೆ ಚಾಚಿ, ನನ್ನ ಕಾಲರು ಹಿಡಿದು, ಎಳೆದು ಡೆಕ್ಕಿನ ಮೇಲೆ ಹಾಕಿದ. ನಾನು ವಾಂತಿ ಮಾಡಿಕೊಂಡೆ. ಒಳಗೆ ಇಳಿದವನನ್ನು ಬಿಟ್ಟು ಹೋಗಬಾರದೆಂದು ಅವನು ತೊಟ್ಟಿಯ ಬಾಯಿಯ ಹತ್ತಿರವೇ ಕೂತಿದ್ದನಂತೆ. ಸುಯ್ ಸದ್ದು ಕೇಳಿದ್ದೇ ವೆಲ್ಡಿಂಗ್ ಸೆಟ್ಟಿನ ಸ್ವಿಚ್ಚು ಎಳೆದು, ಸಿಲಿಂಡರಿನ ಕೀಲಿ ತಿರುಗಿಸಿದ್ದ. ಮುಚ್ಚಿದ ಜಾಗದಲ್ಲಿ ಆಕ್ಸಿಜನ್ ತುಂಬಿದರೆ ಒಂದು ಕಿಡಿ ಸಾಕು, ಎಣ್ಣೆ ಕುಡಿದ ನನ್ನ ಅಂಗಿ ಪೆಟ್ರೋಲ್ ಸುರಿದ ಹಾಗೆ ಧಗ್ ಎಂದು ಹತ್ತುತ್ತಿತ್ತು ಎಂದು ಹೇಳಿದ. ಅಷ್ಟು ವರ್ಷ ಕೆಲಸ ಮಾಡಿದ ನನಗೆ ಅದು ಗೊತ್ತಿರಲಿಲ್ಲ.

ಆ ಹೊತ್ತಿಗೆ ಫೋರ್‌ಮನ್ ಬಂದ. ತೊಟ್ಟಿಯೊಳಗೆ ಟಾರ್ಚು ಬಿಟ್ಟು ನನ್ನ ಎರಡು ಬ್ರಾಕೆಟ್ಟುಗಳನ್ನು ನೋಡಿದ. ಧಾರವಾಡದವನು ನಡೆದದ್ದನ್ನೆಲ್ಲ ಹೇಳಿ, ಒಳಗಿನ ಗಾಳಿ ತಿಳಿಯಾಗುವವರೆಗೆ ಯಾರೂ ಇಳಿಯಬಾರದು ಎಂದ. ಫೋರ್‌ಮನ್ ಸಿಡುಕಿದ: “ನೀನೂ ಹೋಗಲಿಲ್ಲ, ಹೋದವನನ್ನೂ ಕೆಲಸ ಮಾಡಲು ಬಿಡಲಿಲ್ಲ. ಅವನನ್ನು ಕಂಡರೆ ನಿನಗೆ ಹೊಟ್ಟೆಕಿಚ್ಚು.”

ಅವನಿಗೆ ಹೊಟ್ಟೆಕಿಚ್ಚಂತೆ! ನನ್ನ ಸ್ವಂತ ಆಸ್ತಿಯನ್ನು ನನ್ನ ಕಣ್ಣೆದುರೇ ತೆಗೆದು ಅವನ ಹೆಸರಿಗೆ ಬರೆದರು. ಅಲ್ಲ ಸಾಹೇಬರೇ ಎಂದು ನಾನು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಬಾಯಿ ಒರೆಸಿಕೊಂಡು ಕೂತಿದ್ದೆ. ಮಧ್ಯಾಹ್ನದ ಮೇಲೆ ಇಳಿದು ಉಳಿದ ಎರಡನ್ನೂ ಮುಗಿಸಿದೆ. ಸಂಜೆ ಜ್ವರ ಬಂದು ಎರಡು ಕಂಬಳಿ ಹೊದ್ದು ಮಲಗಿದೆ.

ಆ ವಾರದ ಕೊನೆಗೆ ಕಾಗದ ಬಂತು: ಮೂರು ತಿಂಗಳ ಮಟ್ಟಿಗೆ ನಾನೇ ಚಾರ್ಜ್‌ಮ್ಯಾನ್, ಕೆಲಸ ಚೆನ್ನಾಗಿದ್ದರೆ ಮುಂದಕ್ಕೆ ಖಾಯಂ. ಹೆಂಡತಿಗೆ ಹೇಳಿದೆ. ಅವಳು ಪಾಯಸ ಮಾಡಿದಳು, ಮಾಡಿ, “ಅವರನ್ನೂ ಕರೀರಿ, ಪಾಪ,” ಎಂದಳು. ನಾನು ಕರೆಯಲಿಲ್ಲ. ಅವನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿದೆ.

ಅದಕ್ಕೂ ಮೊದಲೇ, ಗುರುವಾರ ಬೆಳಿಗ್ಗೆ ಯಾರಿಗೂ ಕಾಣದ ಹಾಗೆ, ಹಾಥಿಯನ್ನು ಸ್ಟೋರಿನ ಹಿಂದೆ ತಂದು ನಿಲ್ಲಿಸಿದ್ದೆ. ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಆದರೆ ಫೋರ್‌ಮನ್ ಅದನ್ನು ಪೇಂಟ್ ಶೆಡ್ಡಿಗೆ ಕೊಟ್ಟುಬಿಟ್ಟ. “ನಿಮ್ಮ ಚಾರ್ಜ್‌ಮ್ಯಾನ್ ಫ್ಯಾನಿಲ್ಲದೆ ನಾಲ್ಕು ಬ್ರಾಕೆಟ್ಟು ಮಾಡಿದ. ನಿಮಗೆ ಯಾಕೆ ಬೇಕು?” ಎಂದು ಎಲ್ಲರಿಗೂ ಹೇಳಿದ. ನನ್ನನ್ನು ಬಿಟ್ಟು ಉಳಿದ ಹನ್ನೊಂದು ಜನರಲ್ಲಿ ಹತ್ತು ಜನ ನನ್ನ ಮುಖ ನೋಡಿ, ಬೆಲ್ಲ ಬಾಯಿಗೆ ಹಾಕಿಕೊಂಡು, ತೊಟ್ಟಿಗಳಿಗೆ ಇಳಿದರು. ಕೆಮ್ಮುತ್ತ ಮೇಲೆ ಬಂದರು. ಸೋಮವಾರ ಸಂಜೆ ಇಬ್ಬರು, ಮೂವರು ನಡುಗುತ್ತ ಮನೆಗೆ ಹೋಗುತ್ತಿದ್ದರು. ನಾನು ಹಾಜರಿ ಪುಸ್ತಕ ಹಿಡಿದು ಆಚೆ ನೋಡುತ್ತಿದ್ದೆ.

ಹನ್ನೊಂದನೆಯವನು ಇಳಿಯಲಿಲ್ಲ. ಬಯಲಿನ ಕೆಲಸ ಎಷ್ಟಾದರೂ ಕೊಡಿ, ಗಾಳಿಯಿಲ್ಲದ ತೊಟ್ಟಿಗೆ ಇಳಿಯುವುದಿಲ್ಲ ಎಂದ. ಮೂರನೆಯ ವಾರ ಮತ್ತೊಂದು ಲಾಂಚಿನ ತೊಟ್ಟಿಯ ಕೆಲಸ ಬಂತು, ಫೋರ್‌ಮನ್ ಬೇಕೆಂದೇ ಅವನ ಹೆಸರನ್ನೇ ಹೇಳಿದ. ಅವನು ಒಲ್ಲೆನೆಂದ. ಫೋರ್‌ಮನ್ ನನ್ನ ಮುಂದೆ ಒಂದು ಫಾರಂ ಇಟ್ಟ.

“ಎರಡನೇ ಸಲ. ರಿಪೋರ್ಟ್ ನೀನು ಬರೆಯಬೇಕು, ಅವನ ಮೇಲಿನವನು ನೀನು. ಇದು ಮೇಲೆ ಹೋದರೆ ಅವನು ಮನೆಗೆ ಹೋಗುತ್ತಾನೆ. ಊಟದ ಹೊತ್ತಿಗೆ ಕೊಡು. ನಿನ್ನ ಖಾಯಂ ಕಾಗದವೂ ನನ್ನ ಮೇಜಿನ ಮೇಲೆಯೇ ಇದೆ.”

ಫಾರಂ ಇಟ್ಟುಕೊಂಡು ಕೂತೆ. ಹೆಸರು, ನಂಬರು ಬರೆದೆ. ‘ಕೆಲಸ ಮಾಡಲು ಒಪ್ಪಲಿಲ್ಲ’ ಎಂದು ಬರೆದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಕೈ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ಆ ಸಾಲು ಬರೆಯುವಾಗ ಖುಷಿಯೇ ಆಯಿತು. ಇನ್ನು ಆದಿತ್ಯವಾರದ ಊಟಕ್ಕೆ ಬರುವವನಿಲ್ಲ, ಬಿಳೀ ಕರ್ಚೀಫಿನ ಮಾತಿಲ್ಲ, ಕ್ವಾರ್ಟರ್ಸು ನನ್ನದು. ಅದರ ಕೆಳಗೆ ‘ಕಾರಣ’ ಎಂದು ಒಂದು ಖಾಲಿ ಸಾಲು ಇತ್ತು.

ಫ್ಯಾನು ಇರಲಿಲ್ಲ ಎಂದು ಬರೆದೆ. ಫ್ಯಾನು ಯಾಕೆ ಇರಲಿಲ್ಲ? ಪೇಂಟ್ ಶೆಡ್ಡಿಗೆ ಕೊಟ್ಟರು. ಯಾಕೆ ಕೊಟ್ಟರು? ನಾನು ಅದಿಲ್ಲದೆ ಇಳಿದೆ. ನಾನು ಯಾಕೆ ಇಳಿದೆ? ಪೆನ್ನು ಅಲ್ಲಿ ನಿಂತಿತು. ಅವನ ಇಬ್ಬರು ಹೆಣ್ಣುಮಕ್ಕಳ ನೆನಪಾಯಿತು ಎಂದು ಇಲ್ಲಿ ಬರೆದರೆ ಓದುವವರಿಗೆ ಹಿತವಾಗುತ್ತದೆ. ಆದರೆ ನನಗೆ ಆ ಕ್ಷಣ ಅನ್ನಿಸಿದ್ದು ಅದಲ್ಲ. ಅವನನ್ನು ಊರಿಗೆ ಓಡಿಸಿದರೂ, ತಾನು ಮಾಡಿದ್ದೇ ಸರಿ ಅನ್ನುವ ಸಮಾಧಾನ ಅವನ ಜೊತೆಗೇ ಹೋಗುತ್ತದೆ, ಅವನು ಅಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ, ನಾನು ಆ ಕ್ವಾರ್ಟರ್ಸಿನಲ್ಲಿ ಬಿದ್ದುಕೊಂಡು ಅವನ ನಿದ್ದೆಗೆ ಜೀವಮಾನವಿಡೀ ಹೊಟ್ಟೆ ಉರಿದುಕೊಳ್ಳುತ್ತೇನೆ ಎಂದು ಅನ್ನಿಸಿತು. ಅದನ್ನು ತಾಳುವ ಶಕ್ತಿ ನನಗಿರಲಿಲ್ಲ. ಹಾಳೆಯ ಹಿಂಬದಿಗೆ ತಿರುಗಿಸಿ, ಮಂಗಳವಾರ ಬೆಳ್ಳಂಬೆಳಿಗ್ಗೆ ಸ್ಟೋರಿಗೆ ಹೋದಲ್ಲಿಂದ ಶುರು ಮಾಡಿ, ದೋಣಿ, ಟಾರ್ಪಾಲು, ಆಕ್ಸಿಜನ್ ಎಲ್ಲವನ್ನೂ ಬರೆದು ಸಹಿ ಹಾಕಿದೆ.

ಫೋರ್‌ಮನ್‌ಗೆ ಕೊಡುವ ಮೊದಲು ಅವನಿಗೆ ತೋರಿಸಬೇಕು ಎನ್ನಿಸಿತು. ಅದರಲ್ಲೂ ಒಂದು ಆಸೆ ಇತ್ತು, ಮುಚ್ಚಿಡುವುದಿಲ್ಲ. ಅವನ ಕಣ್ಣಲ್ಲಿ ನೀರು ಬರುತ್ತದೆ, ನನ್ನ ಕೈ ಹಿಡಿದುಕೊಳ್ಳುತ್ತಾನೆ, ಒಂದು ದಿನವಾದರೂ ಅವನಿಗಿಂತ ನಾನು ದೊಡ್ಡವನಾಗುತ್ತೇನೆ ಎಂದುಕೊಂಡಿದ್ದೆ. ಗೇಟಿನ ಹೊರಗೆ ಚಹಾದ ಅಂಗಡಿಯ ಬೆಂಚಿನ ಮೇಲೆ ಅವನು ಮಣ್ಣಿನ ಕಪ್ಪು ಹಿಡಿದು ಕೂತಿದ್ದ. ಹಾಳೆ ಕೊಟ್ಟೆ. ಓದಿದ. ತಿರುಗಿಸಿ ಹಿಂಬದಿ ಓದಿದ. ಮತ್ತೊಮ್ಮೆ ಓದಿದ. ನೀಟಾಗಿ ಮಡಚಿ ನನ್ನ ಜೇಬಿಗೆ ಇಟ್ಟ. ಚಹಾದ ಕಪ್ಪನ್ನು ಬೆಂಚಿನ ಮೇಲೆ ಇಟ್ಟು ಎದ್ದು ನಿಂತು, ನನ್ನ ಎಡಕೆನ್ನೆಗೆ ಬಾರಿಸಿದ.

ನಾಲ್ಕು ಜನ ತಿರುಗಿ ನೋಡುವಷ್ಟು ಸದ್ದಾಯಿತು. ಹಾಸ್ಯ ಮಾಡಿದಾಗ, ಹತ್ತು ಜನರ ಮುಂದೆ ಸೀರೆ ಉಡು ಎಂದಾಗ ಸಿಟ್ಟಾಗದವನು ಈಗ ಮುಖವೆಲ್ಲ ಕೆಂಪಾಗಿ ಕೂಗಿದ.

“ಕದ್ದಿ, ಕದೀ! ನನ್ನ ಮ್ಯಾಲೆ ಹೊಟ್ಟಿಕಿಚ್ಚು ಪಡ್ತಿ, ಪಡು! ಬ್ಯಾಡ ಅಂದವ್ರು ಯಾರು? ಫ್ಯಾನ್ ಎಲ್ಲಿ ಐತಿ ಅಂತ ಗೊತ್ತಿದ್ದೂ ಒಳಗ ಇಳದಿಯಲ್ಲೋ ಮಗನ! ನಿನ್ನ ಹೆಣಾ ತಗದು ಆ ಬಸುರಿ ಹುಡುಗಿ ಮುಂದ ನಾ ಹೆಂಗ ಇಡತಿದ್ದೆ?”

ಫ್ಯಾನು ಕದ್ದದ್ದಕ್ಕೆ ಹೊಡೆದಿದ್ದರೆ, ಹುದ್ದೆ ತಪ್ಪಿಸಿದ್ದಕ್ಕೆ ಹೊಡೆದಿದ್ದರೆ, ಲೆಕ್ಕ ಚುಕ್ತಾ ಆಗುತ್ತಿತ್ತು. ಸಿಟ್ಟಿನಲ್ಲೂ ಅವನು ನನಗಿಂತ ಮೇಲೆಯೇ ನಿಂತುಬಿಟ್ಟ. ಕೆನ್ನೆ ಉರಿಯುತ್ತಿದ್ದಾಗಲೂ ನನಗೆ ಅವನ ಮೇಲೆ ಅಸೂಯೆಯಾಯಿತು ಎಂದರೆ ನೀವು ನಂಬಬೇಕು.

ಹಾಳೆಯನ್ನು ಫೋರ್‌ಮನ್‌ಗೆ ಕೊಟ್ಟೆ. ಹುದ್ದೆ ಅಲ್ಲಿಗೆ ಹೋಯಿತು, ಎರಡು ವರ್ಷದ ವೇತನ ಬಡ್ತಿಯೂ ನಿಂತಿತು. ಮಳೆಗಾಲ ಮುಗಿಯುವಾಗ ಧಾರವಾಡದವನು ಚಾರ್ಜ್‌ಮ್ಯಾನ್ ಆದ, ಹಾಥಿ ಶೆಡ್ಡಿಗೆ ವಾಪಸು ಬಂತು, ಅವನ ಹೆಂಡತಿ ಮಕ್ಕಳೂ ಊರಿಂದ ಬಂದು ಕ್ವಾರ್ಟರ್ಸು ಸೇರಿದರು. ನನ್ನ ಮಗಳು ಟಾಲಿಗಂಜ್‌ನ ಒಂದೇ ಕೋಣೆಯ ಮನೆಗೆ ಬಂದಳು.

ಇದೆಲ್ಲ ಆಮೇಲಿನದು. ಆ ಸಂಜೆ ನಾನು ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಳು. ನನ್ನ ಮುಖ ನೋಡಿದಳು. ಐದು ಬೆರಳೂ ಎಣಿಸುವ ಹಾಗೆ ಮೂಡಿದ್ದವು.

“ಎಂತ ಇದು? ಯಾರು ಹೊಡೆದದ್ದು?”

ಅವಳ ಎದುರು ಕೂತು ಎಲ್ಲವನ್ನೂ ಹೇಳಿದೆ. ಫ್ಯಾನು, ದೋಣಿ, ತೊಟ್ಟಿ, ಅವನು ಸ್ವಿಚ್ಚು ಎಳೆದದ್ದು, ನಾನು ಬಾಯಿ ಬಿಡದೆ ಕೂತದ್ದು, ಪಾಯಸದ ದಿನದ ಸುಳ್ಳು, ಹುದ್ದೆ ಹೋದದ್ದು. ಅವಳು ಅಳಬಹುದು, ಕ್ವಾರ್ಟರ್ಸು ಹೋಯಿತಲ್ಲ ಎಂದು ಗೋಳಾಡಬಹುದು, ಗಂಡನಿಗೆ ಕೈಮಾಡಿದವನನ್ನು ಬೈಯಬಹುದು ಎಂದು ಕಾಯುತ್ತಿದ್ದೆ. ಅವಳು ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ನನ್ನ ಕೆನ್ನೆಯನ್ನೇ ನೋಡಿದಳು.

“ಒಂದೇ ಪೆಟ್ಟಾ ಅವರು ಕೊಟ್ಟದ್ದು?” ಎಂದಳು.